ಪತ್ರಿಕೆಯಲ್ಲಿ ಸುತ್ತಿಟ್ಟ ಬೇರು

ಅಪ್ಪಾ,

ನೀನು ತೀರಿಕೊಂಡ ಮೇಲೆ ಅಟ್ಟದಲ್ಲಿ ಸಿಕ್ಕ, ಕುಟ್ಟಿ ಕುಡಿದರೆ ಮಂಪರು ತರುವ ಯಾಂಗೋನ ಬೇರನ್ನು ಇವತ್ತು ಸೋದರಮಾವ ಸಕಿಯೂಸನ ಮುಂದೆ ಇಟ್ಟೆ. ನಮ್ಮ ಪದ್ಧತಿಯಲ್ಲಿ ಬೇರು ಇಡದೆ ಹಿರಿಯರ ಹತ್ತಿರ ಏನು ಕೇಳುವುದು? "ನಾನು ಕುಡಿತ ಬಿಡಬೇಕು, ನೀವೆಲ್ಲ ಜೊತೆಗಿರಬೇಕು" ಎಂದು ತಲೆ ತಗ್ಗಿಸಿ ಮೆಲ್ಲಗೆ ಹೇಳಿದೆ.

"ಯಾರಿಗೆ ಹೇಳ್ತಿದ್ದೀಯೋ, ಚಾಪೆಗಾ?" ಎಂದ ಮಾವ. ಮತ್ತೆ ಜೋರಾಗಿ ಹೇಳಿದೆ. ಮಾವ ಬೇರು ಮುಟ್ಟಿ ಒಪ್ಪಿಕೊಂಡ. ಸುತ್ತ ಕೂತಿದ್ದ ಮನೆಯವರೆಲ್ಲ ಒಪ್ಪಿಗೆಯ ಚಪ್ಪಾಳೆ ತಟ್ಟಿದರು.

ಬೇರು ಕುಟ್ಟಿ, ನೀರಿನಲ್ಲಿ ಕಲಸಿ, ಮೊದಲ ಕರಟ ನನಗೇ ಕೊಟ್ಟರು. ಆಗ ನೆನಪಾಯಿತು. ಲಿವರ್ ಕೆಟ್ಟು ಗಟ್ಟಿಯಾಗಿದೆ, ಬಿಯರ್ ಮಾತ್ರವಲ್ಲ, ಯಾಂಗೋನವೂ ಕೂಡದು ಎಂದು ಸುವಾ ಊರಿನ ಆಸ್ಪತ್ರೆಯ ನರ್ಸ್ ಹೇಳಿದ್ದಳು. ಆದರೆ ಬೇರಿಟ್ಟು ಕೇಳಿದವನೇ ಕುಡಿಯದಿದ್ದರೆ ಆ ಕೋರಿಕೆ ನಿಲ್ಲುವುದಿಲ್ಲ. ಕರಟ ಹಿಡಿದು ಕೂತೆ. ಕೊನೆಗೆ ನರ್ಸ್ ಅಂದಿದ್ದನ್ನು ಹೇಳಿಬಿಟ್ಟೆ.

"ಕುಡಿಯೋದು ಬಿಡ್ತೀನಿ ಅಂತ ಕುಡಿಯೋದನ್ನೇ ಹೊತ್ಕೊಂಡು ಬಂದಿದ್ದಾನಲ್ಲಪ್ಪ!" ಎಂದು ಅತ್ತೆ ನಕ್ಕಳು. ಮಾವ ಮಾತ್ರ ನನ್ನ ಕೈಯಿಂದ ಕರಟ ತೆಗೆದುಕೊಂಡು ಒಂದೇ ಸಲಕ್ಕೆ ಕುಡಿದ.

"ಅಳಿಯನ ಪಾಲು ನಾನು ಕುಡಿದ್ರೆ ಯಾರು ಕೇಳ್ತಾರೆ? ನಿಂಗೆ ಎಳನೀರು. ಆದ್ರೆ ದಿನಾ ಬಂದು ನಮ್ ಜೊತೆ ಕೂರ್ಬೇಕು."

ಎಳನೀರು ಸಿಹಿಯಾಗಿತ್ತು, ಅಪ್ಪಾ. ಸೋಮವಾರ ಆಸ್ಪತ್ರೆಗೆ ಮಾವನೂ ಬರುತ್ತಾನಂತೆ.

ಬೇರು ಸುತ್ತಿದ್ದ ಪತ್ರಿಕೆಯನ್ನು ಮಡಚಿಟ್ಟಿದ್ದೇನೆ. ಅದರ ಮೇಲೆ ಮೂರು ವರ್ಷದ ಹಿಂದಿನ ತಾರೀಖಿದೆ. ಕುಡಿತ ಬಿಡಲು ಜೊತೆಗಿರಿ ಎಂದು ನನ್ನ ಪರವಾಗಿ ಕೇಳಲು ನೀನು ನನ್ನನ್ನು ಮಾವನ ಮನೆಗೆ ಕರೆದ ದಿನ ಅದು. ನಾನು ಹಿಂಬಾಗಿಲಿನಿಂದ ತಪ್ಪಿಸಿಕೊಂಡು ಕುಡಿಯಲು ಪೇಟೆಗೆ ಹೋಗಿದ್ದೆ. ನೀನು ಆ ಬೇರನ್ನು ಮಾರಲೂ ಇಲ್ಲ, ಕುಡಿಯಲೂ ಇಲ್ಲ.