ಇಲ್ಲ ಅನ್ನದೆ ಇಲ್ಲ ಅನ್ನುವ ಪಾಠ

ಫೆಬ್ರವರಿ 4

ಜಪಾನಿಗೆ ವ್ಯವಹಾರಕ್ಕೆ ಹೋಗುವವರಿಗೆ ಮತ್ತೆ ವಿಸಿಟಿಂಗ್ ಕಾರ್ಡ್ ಪಾಠ. ಎರಡು ಕೈಯಲ್ಲಿ ಕೊಡಿ, ಎರಡು ಕೈಯಲ್ಲಿ ತೆಗೆದುಕೊಳ್ಳಿ, ಹಿಂದಿನ ಜೇಬಿಗೆ ತುರುಕಿ ಅದರ ಮೇಲೆ ಕೂರಬೇಡಿ. ಎಲ್ಲರೂ ನಕ್ಕರು. ಪ್ರತಿ ಬ್ಯಾಚೂ ಇದೇ ಜಾಗದಲ್ಲಿ ನಗುತ್ತದೆ. ನಾನೂ ನಕ್ಕೆ. ಅದಕ್ಕೂ ಸೇರಿಸಿಯೇ ಸಂಬಳ.

ಮಧ್ಯಾಹ್ನ ಬ್ರಾನ್‌ವಿನ್ ಕರೆದಳು. ನಮ್ಮ ಕೇಂದ್ರದ ನಿರ್ದೇಶಕಿ. ಯಾವ ಕಾಲದಲ್ಲೋ ಜಕಾರ್ತಾದಲ್ಲಿದ್ದು ಬಂದವಳು, ಅಂದಿನಿಂದ ಬಾಟಿಕ್ ಶಾಲು ಬಿಟ್ಟಿಲ್ಲ. ಹೊಸ ಕೆಲಸ ಬಂದಿದೆಯಂತೆ. ಹಾಲು ಕರೆಯುವ ಯಂತ್ರ ಮಾಡುವ ಕಂಪನಿ, ಇದೇ ಮೆಲ್ಬರ್ನಿನದು. ಜಪಾನಿನ ಕಾರ್ಖಾನೆ ಮುಚ್ಚುತ್ತಾರೆ. ಅಲ್ಲಿನ ಮ್ಯಾನೇಜರಿಗೆ ನೋವಾಗದ ಹಾಗೆ ಹೇಳುವುದು ಹೇಗೆ — ಅದನ್ನು ಕಲಿಸಬೇಕು.

"ಮ್ಯಾನೇಜರ್ ಪಾತ್ರ ನಿಂದೇ ಚಿಜುರು. ನಿನ್ನಷ್ಟು ಚೆನ್ನಾಗಿ ಯಾರೂ ಬೇಜಾರು ಮಾಡ್ಕೊಳಲ್ಲ."

ಗುಟ್ಟು ಕಾಯುವ ಕಾಗದಕ್ಕೆ ಸಹಿ ಹಾಕಿಸಿಕೊಂಡಳು. ಆಮೇಲೆ ಊರಿನ ಹೆಸರು ಹೇಳಿದಳು.

ನನ್ನ ಊರು. ಅಲ್ಲಿ ಆಸ್ಟ್ರೇಲಿಯಾದವರ ಕಾರ್ಖಾನೆ ಇರುವುದು ಒಂದೇ. ಮ್ಯಾನೇಜರ್ ನನ್ನ ತಮ್ಮ ಶಿಗೆಕಿ.

ತಮ್ಮ ಅಂತ ಬ್ರಾನ್‌ವಿನ್‌ಗೆ ಹೇಳಲಿಲ್ಲ. ಟ್ರಾಮ್ ಹಿಡಿದು ಬಂದೆ. ಅನ್ನಕ್ಕಿಟ್ಟೆ, ಮೀನು ಸುಟ್ಟೆ, ಎಲ್ಲ ತಿಂದೆ. ಅಳು ಬರಬೇಕಿತ್ತೇನೋ.

ಫೆಬ್ರವರಿ 9, ಭಾನುವಾರ

ಶಿಗೆಕಿಯ ಫೋನ್. ಖುಷಿಯಾಗಿದ್ದ.

"ಅಕ್ಕಾ, ಅಂತೂ ಇಬ್ಬರು ಸಿಕ್ಕಿದ್ರು. ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಬ್ಬರದೂ ಮಾರ್ಚಿಗೆ ಸ್ಕೂಲು ಮುಗಿಯತ್ತೆ. ಏಪ್ರಿಲ್ ಒಂದಕ್ಕೆ ಸೇರ್ತಾರೆ."

ಈಗಿನ ಕಾಲದಲ್ಲಿ ನಮ್ಮೂರಲ್ಲಿ ಉಳಿಯುವ ಮಕ್ಕಳೇ ಇಲ್ಲ. ಅವರ ಮನೆಗೇ ಹೋಗಿ, ಅಪ್ಪ ಅಮ್ಮನ ಮುಂದೆ ಚಾಪೆಗೆ ಹಣೆ ತಾಗುವ ಹಾಗೆ ಬಾಗಿ ಕೇಳಿಕೊಂಡನಂತೆ.

"ಪಕ್ಕದ ಚಾಕು ಕಾರ್ಖಾನೆಯೋನು ಇನ್ನೂ ಬಾಯಿ ಬಿಟ್ಕೊಂಡು ಕೂತಿದಾನೆ. ನಾನು ಬಿಟ್ಟುಕೊಟ್ರೆ ಇವತ್ತೇ ಎಳ್ಕೊಂಡು ಹೋಗ್ತಾನೆ. ಕೊಡ್ತೀನಾ?"

ಹೇಳಬೇಕಿತ್ತು. ನಾನು ಹೇಳಿದ್ದು ಇದು: "ಈ ವರ್ಷ ಚಳಿ ಜಾಸ್ತಿ ಅಲ್ವಾ. ಹೊಸಬರಿಗೆ ಅಷ್ಟು ಒಳ್ಳೆ ವರ್ಷ ಅಲ್ವೇನೋ..."

"ಚಳಿಗೂ ಹುಡುಗರಿಗೂ ಏನಕ್ಕಾ ಸಂಬಂಧ? ಏಪ್ರಿಲ್‌ಗೆ ಹೂ ಬಿಟ್ಟಿರತ್ತೆ."

"ಮೆಲ್ಬರ್ನ್ ಆಫೀಸಿನೋರು ಏನಾದ್ರೂ ಅಂತಿದಾರಾ?"

"ಅವರದೆಲ್ಲ ಮುಖಕ್ಕೆ ಹೊಡೆದ ಹಾಗೆ ಮಾತು. ಏನಾದ್ರೂ ಇದ್ದಿದ್ರೆ ಯಾವಾಗ್ಲೋ ಹೇಳಿರೋರು. ನಮ್ಮ ಜನದ ಹಾಗೆ ಸುತ್ತಿ ಬಳಸೋದಿಲ್ಲ. ಅದಕ್ಕೇ ಅವರ ಜೊತೆ ಕೆಲಸ ಸಲೀಸು."

ಆಮೇಲೆ ಅವನ ಬೆನ್ನುನೋವಿನ ವಿಷಯ ಮಾತಾಡಿದೆವು. ಗುಟ್ಟು ಬಿಟ್ಟರೆ ನನ್ನ ಕೆಲಸ ಹೋಗುತ್ತದೆ. ಬಾಗುವುದನ್ನು ಕಲಿಸುವ ಮುದುಕಿಯನ್ನು ಇನ್ಯಾರು ಕರೆಯುತ್ತಾರೆ.

ಫೆಬ್ರವರಿ 18

ಮೊದಲ ಅಭ್ಯಾಸ. ಕಂಪನಿಯ ಪರವಾಗಿ ಹೋಗಿ ಹೇಳಬೇಕಾದವನು ಲಾಕ್ಲನ್. ದನ ಸಾಕಿದ ಮನೆಯವನು, ದೊಡ್ಡ ದೇಹ, ಕುರ್ಚಿಯಲ್ಲಿ ಹಿಡಿಸುವುದಿಲ್ಲ. ನಾನು ಮ್ಯಾನೇಜರ್. ಕೈ ಕುಲುಕಿದ, ಕೂತ, ಹೇಳಿಯೇಬಿಟ್ಟ:

"ಕಾರ್ಖಾನೆ ಮುಚ್ತಾ ಇದೀವಿ. ಸಾರಿ ಮಾರಾಯ."

ತಡೆದೆ. ಹಾಗಲ್ಲ. ಮೊದಲು ಅವರ ಕೆಲಸ ಹೊಗಳಿ. ಸ್ಟೀಲಿನ ಬೆಲೆ, ಪ್ರಪಂಚದ ಪರಿಸ್ಥಿತಿ. ಆಮೇಲೆ ಸುಮ್ಮನಿರಿ. 'ಮುಂದಿನ ದಾರಿ ಕಷ್ಟ ಇದೆ' ಅನ್ನಿ, ಮತ್ತೆ ಸುಮ್ಮನಿರಿ. ಮುಚ್ಚುವುದು ಅನ್ನುವ ಮಾತೇ ಬೇಡ. ಮೊದಲ ಭೇಟಿಯಲ್ಲಿ ಕಾಗದ ತೆಗೆಯಬೇಡಿ, ಅದು ಆಮೇಲೆ ಅಂಚೆಯಲ್ಲಿ ಬರಲಿ.

"ಇಷ್ಟಕ್ಕೇ ಅವನಿಗೆ ಗೊತ್ತಾಗತ್ತಾ?"

"ಜಪಾನಿನವರಿಗೆ ಗೊತ್ತಾಗತ್ತೆ," ಅಂದೆ.

ಬ್ರಾನ್‌ವಿನ್ ತಲೆದೂಗಿದಳು. ಲಾಕ್ಲನ್ ಬರೆದುಕೊಂಡ.

ಯಾಕೆ ತಡೆದೆನೋ. ಬಾಯಿಪಾಠ. ಇಷ್ಟು ವರ್ಷ ಹೇಳಿದ್ದನ್ನು ನಾಲಿಗೆ ತಾನೇ ಹೇಳಿಕೊಂಡು ಹೋಯಿತು.

ಮಾರ್ಚ್ 6

ಕೊನೆಯ ಅಭ್ಯಾಸ. ಲಾಕ್ಲನ್ ಪಳಗಿಬಿಟ್ಟಿದ್ದಾನೆ. ಕೆಟ್ಟ ಸುದ್ದಿ ತಂದಿದ್ದಾನೆ ಅಂತ ಯಾರೂ ಹೇಳಲಾರರು. ನಮ್ಮವರು ಕಷ್ಟದ ಮಾತು ಕೇಳಿದಾಗ ಮಾಡುವ ಹಾಗೆ ನಾನು ಹಲ್ಲಿನ ಸಂದಿಯಿಂದ ಉಸಿರೆಳೆದೆ, ಬಾಗಿದೆ, ಥ್ಯಾಂಕ್ಸ್ ಹೇಳಿದೆ. ಬ್ರಾನ್‌ವಿನ್ ಚಪ್ಪಾಳೆ ಹೊಡೆದಳು.

ಕಪ್ ತೊಳೆಯುವಾಗ ಲಾಕ್ಲನ್ ಪಕ್ಕದಲ್ಲಿ ಬಂದು ನಿಂತ. "ಆ ಮನುಷ್ಯನಿಗೆ ಮಕ್ಕಳಿದಾರಾ? ನಂಗೆ ಸರಿಯಾಗಿ ನಿದ್ದೆನೇ ಬರ್ತಿಲ್ಲ."

"ಇಲ್ಲ," ಅಂದುಬಿಟ್ಟೆ.

ನಿನಗೆ ಹೇಗೆ ಗೊತ್ತು ಅಂತ ಕೇಳಲಿಲ್ಲ. ಒಳ್ಳೆಯವನು. ಕಪ್ ಒರೆಸಿ ಇಟ್ಟ.

ಹತ್ತೊಂಬತ್ತಕ್ಕೆ ಇವನು ಅಲ್ಲಿರುತ್ತಾನೆ. ಇವನೇ ಹೇಳುತ್ತಾನೆ. ಏಪ್ರಿಲ್‌ಗೆ ಮುಂಚೆ ಶಿಗೆಕಿಗೆ ತಿಳಿಯುತ್ತದೆ, ಹೊಸದಾಗಿ ಸೇರುವ ಆ ಇಬ್ಬರನ್ನು ಚಾಕು ಕಾರ್ಖಾನೆಗೆ ಬಿಟ್ಟುಕೊಡುತ್ತಾನೆ. ನಾನು ಯಾಕೆ ಬಾಯಿ ಹಾಕಲಿ. ಊರಿಗೆ ಉಪಕಾರಿ, ಮನೆಗೆ ಮಾರಿ — ಅನ್ನುವವರು ಅನ್ನಲಿ.

ಮಾರ್ಚ್ 21

ಲಾಕ್ಲನ್ ಮೇಲ್ ಬಂತು. ಎಲ್ಲ ನಾನು ಹೇಳಿಕೊಟ್ಟ ಹಾಗೇ ಆಯಿತಂತೆ. ಮ್ಯಾನೇಜರ್ ಸುಮ್ಮನೆ ಕೇಳಿದರು, ಥ್ಯಾಂಕ್ಸ್ ಹೇಳಿದರು, ಗೇಟಿನವರೆಗೆ ಬಂದು ಕಾರು ತಿರುಗುವ ತನಕ ಬಾಗಿಯೇ ನಿಂತಿದ್ದರು. 'ಅಷ್ಟು ಘನತೆಯಿಂದ ಸೋಲೊಪ್ಪಿಕೊಂಡವರನ್ನು ನಾನು ನೋಡಿಲ್ಲ.'

ಬ್ರಾನ್‌ವಿನ್ ಸ್ಟಾಫ್ ಮೀಟಿಂಗಿನಲ್ಲಿ ಓದಿದಳು. ಎಲ್ಲರಿಗೂ ಕೇಕ್. ತಿಂದೆ. ಕೊಬ್ಬರಿ ಜಾಸ್ತಿಯಾಗಿತ್ತು.

ಮಾರ್ಚ್ 23, ಭಾನುವಾರ

ಶಿಗೆಕಿ ಫೋನ್ ಮಾಡಲಿಲ್ಲ. ಭಾನುವಾರ ತಪ್ಪಿಸುವವನಲ್ಲ. ಬೇಜಾರಿನಲ್ಲಿರಬೇಕು. ನಾನೂ ಮಾಡಲಿಲ್ಲ.

ಮಾರ್ಚ್ 30

ಇವತ್ತೂ ಇಲ್ಲ.

ಮಾರ್ಚ್ 31, ಸಂಜೆ

ಮಾಡಿದ. ನಾನು ಸಮಾಧಾನದ ಮಾತು ಜೋಡಿಸಿಕೊಂಡಿದ್ದೆ.

"ಅಕ್ಕಾ, ಪುರುಸೊತ್ತೇ ಆಗ್ಲಿಲ್ಲ. ಹುಡುಗರ ಲಾಕರ್‌ಗೆ ಬಣ್ಣ ಹೊಡೆಸ್ತಿದ್ದೆ. ನಾಳೆ ಸ್ವಾಗತ ಭಾಷಣ ನಂದೇ. ಓದ್ತೀನಿ, ಕೇಳ್ತೀಯಾ?"

ಓದಿದ. ಕಬ್ಬಿಣ, ತಾಳ್ಮೆ, ಊರಿನ ಹೆಸರು. ಚೆನ್ನಾಗಿತ್ತು.

"ನಿಮ್ಮ ಆಫೀಸಿನೋರು ಬಂದಿದ್ರಲ್ಲ?" ಅಂದೆ.

"ನಿಂಗೆ ಹೇಳಿದ್ನಾ? ಲಾಕ್ಲನ್ ಅಂತ. ಅಷ್ಟು ಮರ್ಯಾದಸ್ಥನನ್ನ ಅವರಲ್ಲಿ ನಾನು ನೋಡೇ ಇರ್ಲಿಲ್ಲ. ಬಂದವನೇ ನಮ್ಮ ಕೆಲಸ ಹೊಗಳಿದ್ದೇ ಹೊಗಳಿದ್ದು. ಮುಂದಿನ ದಾರಿ ಕಷ್ಟ ಇದೆ ಅಂದ. ಇರ್ಲಿ ಬಿಡಿ, ಹೊಸ ಹುಡುಗರು ಬರ್ತಿದಾರೆ, ಎಲ್ಲ ಸೇರಿ ದುಡೀತೀವಿ ಅಂದೆ. ಅಕ್ಕಾ, ಅವನ ಕಣ್ಣಲ್ಲಿ ನೀರು ಬಂತು."

ನಗುತ್ತಿದ್ದ.

ಇಷ್ಟು ದಿನದಲ್ಲಿ ಮೊದಲ ಸಲ ಹೆದರಿದೆ.

"ಶಿಗೆಕಿ. ಕಾರ್ಖಾನೆ ಮುಚ್ತಾರೆ. ಅವನು ಅದನ್ನೇ ಹೇಳೋಕೆ ಬಂದಿದ್ದ. ಏಪ್ರಿಲ್‌ನಲ್ಲಿ ಕಾಗದ ಬರತ್ತೆ. ಆ ಮಕ್ಕಳನ್ನ ಸೇರಿಸ್ಕೋಬೇಡ."

ಇಷ್ಟು ನೇರವಾಗಿ ಯಾರಿಗೂ ಏನನ್ನೂ ಹೇಳಿದ ನೆನಪಿಲ್ಲ.

ಅವನು ಮಾತಾಡಲಿಲ್ಲ. ಸುಮ್ಮನಿರುವಾಗ ಮಧ್ಯೆ ಬಾಯಿ ಹಾಕಬಾರದು ಅಂತ ಕಲಿಸುತ್ತೇನೆ. ಹಾಕಲಿಲ್ಲ. ಆಚೆ ಕಡೆ ಯಂತ್ರ ನಿಲ್ಲಿಸಿದ ಸದ್ದು, ಯಾರೋ ಹೋಗಿಬರ್ತೀನಿ ಅಂದದ್ದು, ಇವನು ಹ್ಞೂಂ ಅಂದದ್ದು ಕೇಳಿಸಿತು.

"ಚಾಕು ಕಾರ್ಖಾನೆಯೋರು ಹೋದ ವಾರ ಬೇರೆ ಇಬ್ಬರನ್ನ ತಗೊಂಡ್ರು," ಅಂದ ಕೊನೆಗೆ. "ಫೆಬ್ರವರಿಯಲ್ಲಾಗಿದ್ರೆ ಇವರಿಗೆ ಜಾಗ ಇತ್ತು."

ಆಮೇಲೆ, ಚಿಕ್ಕವನಿದ್ದಾಗಿನ ದನಿಯಲ್ಲಿ —

"ನಿಂಗೆ ಯಾವಾಗಿಂದ ಗೊತ್ತು ಅಕ್ಕಾ?"

ನಾನು ತಾರೀಕು ಹೇಳಿದೆ: ಫೆಬ್ರವರಿ ನಾಲ್ಕು.