ಹದಿನೆಂಟು ಅಡಿ ನೀರಿನಲ್ಲಿ

12-12-2007, ಮುರ್ಡೇಶ್ವರ
ಮಾಸ್ಕಿನ ಗಾಜು ಇವತ್ತೂ ಮಂಜು ಮಂಜು. ಟ್ರೈನರ್ ಹೇಳಿದಂತೆ ಉಗುಳು ಹಚ್ಚಿ ಒರೆಸಿದೆ, ಸರಿಹೋಯಿತು. ನಾಳೆ ಸ್ಕೂಬಾ ಡೈವಿಂಗ್, ಸಮುದ್ರದೊಳಗಿನ ಬಂಡೆಯ ಸುತ್ತ. ಹದಿನೆಂಟೇ ಅಡಿಯಂತೆ. ಮದುವೆಯಾಗಿ ಐದು ವಾರ. ಚಿಂತಾಮಣಿಯಿಂದ ಇಷ್ಟು ದೂರ ಬಂದದ್ದೇ ಇದಕ್ಕೆ. ನನ್ನ ಗಂಡ ಕನಕರಾಜ್‌ಗೆ ಈಜು ಬರುವುದಿಲ್ಲ. ಕೇಳಿದರೆ, "ತೇಲ್ಸೋ ಜಾಕೆಟ್ ಇರುತ್ತಲ್ಲೇ!"

13-12, ಮಧ್ಯಾಹ್ನ 2
ಬಂಡೆ ಎಷ್ಟು ಚೆನ್ನಾಗಿತ್ತು... ಸಂದಿಯಲ್ಲೆಲ್ಲ ಹಳದಿ ಪಟ್ಟೆಯ ಮೀನು. ಟ್ರೈನರ್ ಸ್ವಲ್ಪ ಮುಂದಿದ್ದರು. ಪಕ್ಕದಲ್ಲಿದ್ದ ನನ್ನ ಗಂಡನ ಮಾಸ್ಕಿಗೆ ನೀರು ನುಗ್ಗಿತು. ಗಾಬರಿ. ತಮ್ಮ ಉಸಿರಿನ ನಳಿಕೆ ಉಗುಳಿ, ನನ್ನ ಬಾಯಲ್ಲಿದ್ದುದನ್ನು ಕಿತ್ತುಕೊಂಡರು! ಉಸಿರು ಬಿಗಿಹಿಡಿದೆ. ತಡಕಾಡಿ ನನ್ನ ಸಿಲಿಂಡರಿನದೇ ಸ್ಪೇರ್ ನಳಿಕೆ ಕಚ್ಚಿಕೊಂಡು, ಇವರ ಭುಜದ ಪಟ್ಟಿ ಹಿಡಿದು ನಿಧಾನವಾಗಿ ಮೇಲೆ ತಂದೆ. ಬಂಡೆಯ ಚಿಪ್ಪಿಗೆ ತಗುಲಿ ನನ್ನ ಮೊಣಕಾಲು ಸೀಳಿದೆ. ದೋಣಿಯಲ್ಲಿ ಇವರು ನನ್ನ ಕೈ ಬಿಡಲೇ ಇಲ್ಲ.

16-12, ಚಿಂತಾಮಣಿ
ನಾನು ಕುಂಟುವುದನ್ನು ನೋಡಿ ಅತ್ತೆ ಕೇಳಿದರು. ಇವರು ಥಟ್ಟನೆ, "ಮುಳುಗೋಗ್ತಿದ್ಲಮ್ಮ. ನಾನೇ ಎತ್ಕೊಂಡ್ ಬಂದೆ."
ಅತ್ತೆ ಮಗನಿಗೆ ದೃಷ್ಟಿ ತೆಗೆದರು. ನಾನು ಮುದ್ದೆ ನುಂಗಿದೆ.
ರೂಮಿನಲ್ಲಿ ಕೇಳಿದೆ, "ಯಾಕ್ರೀ ಹಂಗಂದ್ರಿ?"
"ಹೆಂಡ್ತಿ ಕಾಪಾಡಿದ್ಲು ಅಂದ್ರೆ ಈ ಊರಲ್ಲಿ ತಲೆ ಎತ್ಕೊಂಡ್ ಓಡಾಡೋದು ಹೆಂಗೇ? ನಿಂಗೇನು ನಷ್ಟ?"

9-1-2008
ಇವರ ಕಥೆಯಲ್ಲಿ ಹದಿನೆಂಟು ಅಡಿ ಈಗ ಐವತ್ತಾಗಿದೆ. ಎದುರುಮನೆ ವೆಂಕಟರತ್ನಮ್ಮ ಕೆನ್ನೆ ಸವರಿದರು: "ದೇವರಂಥ ಗಂಡ ಕಣೇ, ಪುಣ್ಯ ಮಾಡಿದ್ದೆ." ಪಕ್ಕದಲ್ಲಿ ಇವರ ಕಣ್ಣು ಒದ್ದೆ. ನಾಟಕವಲ್ಲ... ತಾವೇ ನಂಬಿಬಿಟ್ಟಿದ್ದಾರೆ.

3-2
ನಂದಿಯಿಂದ ಅಪ್ಪ ಬಂದಿದ್ದರು. ಬಡಿಸುತ್ತಾ ಅತ್ತೆ, "ನಿಮ್ ಮಗಳಿಗೆ ಜಲಗಂಡಾಂತರ ಐತೆ. ಮುಳುಗ್ತಿದ್ದೋಳ್ನ ನನ್ನ ಮಗ ಉಳಿಸ್ದ. ಇನ್ಮೇಲೆ ನೀರಿನ್ ಹತ್ರ ಕಳ್ಸಂಗಿಲ್ಲ" ಎಂದರು.
ಏಳನೇ ವಯಸ್ಸಿಗೇ ನನ್ನನ್ನು ತೋಟದ ಬಾವಿಗಿಳಿಸಿ ಈಜು ಕಲಿಸಿದ ಅಪ್ಪ. ನನ್ನನ್ನೇ ನೋಡಿದರು.
"ಹೌದೇನಮ್ಮ ಆಶಾ?"
ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ.
"ಹೌದಪ್ಪ" ಎಂದೆ.
ಅಪ್ಪ ಅರ್ಧ ಊಟಕ್ಕೇ ಕೈ ತೊಳೆದರು. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಹತ್ತುವಾಗ ಅಂದರು, "ಸುಳ್ಳು ಹೇಳೋದು ನಾನು ಕಲಿಸ್ಲಿಲ್ವಲ್ಲಮ್ಮ."
ಬಸ್ಸು ಕದಲಿತು. ಕಿಟಕಿಯ ಕಂಬಿ ಹಿಡಿದು ನಾಲ್ಕು ಹೆಜ್ಜೆ ಓಡಿದೆ. "ಅಪ್ಪಾ, ಅವತ್ತು ನಾನೇ ಇವರನ್ನ—" ಎನ್ನುವಷ್ಟರಲ್ಲಿ ಕಂಬಿ ಕೈತಪ್ಪಿತು.