ಮಂಚದ ಗೋಡೆ ಬದಿ ಯಾರದು?

ಸಮಸ್ತ ಗಡಿಗಳ ಹೆಬ್ಬಾಗಿಲನ್ನು ಕಾಯುವವರೂ, ಕೆಂಪು ಮೊಹರಿನ ಏಕಮಾತ್ರ ಒಡೆಯರೂ, ಪ್ರೀತಿಯನ್ನು ಮೂರು ಪ್ರತಿಗಳಲ್ಲಿ ಮಾತ್ರ ಸ್ವೀಕರಿಸುವವರೂ, 'ಗಂಡಹೆಂಡಿರ ಗಂಡ' ಎಂಬ ಬಿರುದಿಗೆ ಸರ್ವಥಾ ಯೋಗ್ಯರೂ ಆದ ವಲಸೆ ಇಲಾಖೆಯ ವಿವಾಹ ವೀಸಾ ವಿಭಾಗದ ಮುಖ್ಯಾಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ, ಎರಡನೇ ಮಹಡಿಯ ಪುಟ್ಟ ಮನೆಯೊಂದರ ಅಡುಗೆಕೋಣೆಯ ನೆಲದಿಂದ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ನನ್ನ ಅಕ್ಕ ಮತ್ತು ಭಾವ ಮಂಚದ ಒಂದೇ ಬದಿಯಲ್ಲಿ ಮಲಗುತ್ತಾರೆ ಎಂಬ ಕಾರಣಕ್ಕೆ ತಾವು ಭಾವನವರನ್ನು ಈ ದೇಶದಿಂದ ಆಚೆ ಹಾಕಿದ್ದೀರಿ. ನಾನು ಉಪ್ಪುಖಾರ ಹಚ್ಚಿ ಹೇಳುತ್ತಿಲ್ಲ. ಆ ಅಭ್ಯಾಸ ನನಗುಂಟು, ಆದರೆ ಈ ಸಲ ತಾವು ಅದಕ್ಕೆ ಜಾಗವನ್ನೇ ಉಳಿಸಿಲ್ಲ. ತಮ್ಮ ಆದೇಶದ ಮಾತುಗಳು ಹೀಗಿವೆ: "ದಂಪತಿಗಳೆಂದು ಹೇಳಿಕೊಳ್ಳುವ ಇಬ್ಬರೂ ತಾವು ಮಂಚದ ಗೋಡೆ ಬದಿಯಲ್ಲಿ ಮಲಗುವುದಾಗಿ ಪ್ರತ್ಯೇಕವಾಗಿ ಹೇಳಿಕೆ ನೀಡಿರುತ್ತಾರೆ. ಇದು ಭೌತಿಕವಾಗಿ ಅಸಾಧ್ಯವಾದುದರಿಂದ ಇವರು ಜೊತೆಯಲ್ಲಿ ವಾಸಿಸುತ್ತಿಲ್ಲವೆಂದೂ, ವಿವಾಹವು ವೀಸಾದ ಉದ್ದೇಶಕ್ಕಾಗಿಯೇ ನಡೆದಿದೆಯೆಂದೂ ತೀರ್ಮಾನಿಸಲಾಗಿದೆ."

'ಭೌತಿಕವಾಗಿ ಅಸಾಧ್ಯ' ಎಂಬುದನ್ನು ಓದಿ ನನಗೆ ರೋಮಾಂಚನವಾಯಿತು. ದಾಂಪತ್ಯಕ್ಕೆ ಭೌತಶಾಸ್ತ್ರವನ್ನು ಅನ್ವಯಿಸಿದ ಇಲಾಖೆ ಇನ್ನೊಂದು ಇರಲಾರದು. ಆದರೆ ಆ ಶಾಸ್ತ್ರದಲ್ಲಿ ಜಾಗದ ಜೊತೆಗೆ ಕಾಲ ಎನ್ನುವುದೂ ಒಂದಿದೆಯಂತೆ. ಅದರ ಸುದ್ದಿ ತಮ್ಮ ಕಚೇರಿಯನ್ನು ಇನ್ನೂ ಮುಟ್ಟಿಲ್ಲವೆಂದು ಕಾಣುತ್ತದೆ. ಮುಟ್ಟಿದ್ದರೆ ಜನರನ್ನು ಆ ಕಬ್ಬಿಣದ ಬೆಂಚುಗಳ ಮೇಲೆ ಅಷ್ಟು ಹೊತ್ತು ಕೂರಿಸುತ್ತಿರಲಿಲ್ಲ.

ನನ್ನ ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿ ಪಾಳಿಯವಳು. ಬಿಸಿ ರೋಲರಿನಿಂದ ಹೊರಗೆ ಬರುವ ಚಾದರವನ್ನು ಎಳೆದು, ಅಂಚಿಗೆ ಅಂಚು ಕೂಡಿಸಿ, ಮಡಚಿ, ಒಟ್ಟುವುದು ಅವಳ ಕೆಲಸ. ಭಾವ ಪರದೇಶದವರು, ಲಿಫ್ಟ್ ರಿಪೇರಿ ಮಾಡುವವರು, ಹಗಲು ಪಾಳಿ. ಬೆಳಗ್ಗೆ ಅವಳು ಕೆಲಸದಿಂದ ಬಂದು ಮೆಟ್ಟಿಲು ಹತ್ತುವಾಗ ಅವರು ಎದ್ದು ಮೊಟ್ಟೆ ಬೇಯಿಸಿಟ್ಟಿರುತ್ತಿದ್ದರು. ಇಬ್ಬರೂ ಎದುರುಬದುರು ಕೂತು ತಿನ್ನುತ್ತಿದ್ದರು. ಆಮೇಲೆ ಅವರು ಉಪಕರಣಗಳ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದರು, ಅವಳು ಅವರು ಎದ್ದ ಜಾಗದಲ್ಲೇ ಹೋಗಿ ಬೀಳುತ್ತಿದ್ದಳು. ಅವರು ಎದ್ದ ಜಾಗವೆಂದರೆ ಗೋಡೆ ಬದಿ. ಏಕೆಂದರೆ ಆ ಗೋಡೆಯ ಆಚೆ ಬದಿಗೆ ಪಕ್ಕದ ಬೇಕರಿಯ ಒಲೆಯ ಹೊಗೆಗೂಡು ಹಾದುಹೋಗುತ್ತದೆ, ಇಡೀ ಮನೆಯಲ್ಲಿ ಬೆಚ್ಚಗಿರುವುದು ಅದೊಂದೇ ಗೋಡೆ. ಬುದ್ಧಿ ನೆಟ್ಟಗಿರುವ ಯಾರಾದರೂ ಮಲಗುವುದು ಅಲ್ಲೇ.

"ನಿನಗೋಸ್ಕರ ಜಾಗ ಬಿಸಿ ಮಾಡಿಟ್ಟಿದೀನಿ ನೋಡು," ಎನ್ನುತ್ತಿದ್ದರು ಭಾವ.

"ನೀವೇನ್ರೀ ಮಾಡಿದ್ದು? ಬೇಕರಿಯವನು ಮಾಡಿದ್ದು," ಎನ್ನುತ್ತಿದ್ದಳು ಅಕ್ಕ. ಹಾಗೆಂದು ದಿಂಬು ಮಾತ್ರ ಭಾವನವರದೇ ಎಳೆದುಕೊಳ್ಳುತ್ತಿದ್ದಳು.

ಇಬ್ಬರ ರಜೆಯೂ ಒಂದೇ ದಿನ ಬಿದ್ದಾಗ ಏನಾಗುತ್ತಿತ್ತು ಎಂದು ತಾವು ಕೇಳಬಹುದು. ಗೋಡೆ ಬದಿಗಾಗಿ ಯುದ್ಧ ನಡೆಯುತ್ತಿತ್ತು. ಗೆದ್ದವರು ಯಾರೆಂದು ನಾನು ಪ್ರಮಾಣ ಮಾಡಿ ಹೇಳಲಾರೆ, ಬಾಗಿಲು ಮುಚ್ಚಿರುತ್ತಿತ್ತು. ಬಾಗಿಲು ಮುಚ್ಚಿದ್ದನ್ನು ಬೇಕಾದರೆ ಪುರಾವೆಯಾಗಿ ಸ್ವೀಕರಿಸಬಹುದು.

ಅಕ್ಕನಿಗೆ ರಾತ್ರಿ ಪಾಳಿ ಯಾಕೆ ಬೇಕಿತ್ತು? ಅವಳಿಗೆ ಗೂಬೆಗಳ ಮೇಲೆ ವಿಶೇಷ ಮಮತೆಯೇನಿಲ್ಲ. ಪರದೇಶದ ಗಂಡನನ್ನು ಇಲ್ಲೇ ಉಳಿಸಿಕೊಳ್ಳುವ ಹೆಂಡತಿಗೆ ಇಂತಿಷ್ಟು ಸಂಪಾದನೆ ಇರಲೇಬೇಕು ಎಂಬುದು ತಮ್ಮದೇ ನಿಯಮ. ಹಗಲು ಪಾಳಿಯ ಸಂಬಳ ಆ ಗೆರೆಯನ್ನು ಮುಟ್ಟುವುದಿಲ್ಲ, ರಾತ್ರಿ ಭತ್ಯೆ ಸೇರಿದರೆ ಮುಟ್ಟುತ್ತದೆ. ಅವಳು ಮದುವೆಯಾದ ವಾರವೇ ಮೇಸ್ತ್ರಿಯ ಮುಂದೆ ನಿಂತು ಪಾಳಿ ಬದಲಾಯಿಸಿಕೊಂಡಳು. ಅಂದರೆ ಮಾನ್ಯರೇ, ಗಂಡನ ಜೊತೆ ಇರಬೇಕಾದರೆ ರಾತ್ರಿ ಮನೆಯಲ್ಲಿ ಇರಬೇಡ ಎಂದವರು ತಾವು. ರಾತ್ರಿ ಮನೆಯಲ್ಲಿಲ್ಲದವಳಿಗೆ ಎಂಥ ಗಂಡ ಎಂದವರೂ ತಾವೇ. ಒಂದೇ ಕಚೇರಿಯಲ್ಲಿ ಕೂತು ಈ ಎರಡನ್ನೂ ಹೇಳಲು ಎಂಥ ಹೊಂದಾಣಿಕೆ ಬೇಕು! ತಮ್ಮ ಎರಡು ಮೇಜುಗಳ ನಡುವೆ ಇರುವಷ್ಟು ಒಗ್ಗಟ್ಟು ಯಾವ ದಂಪತಿಗಳಲ್ಲೂ ಇರಲಾರದು.

ನನ್ನ ಬಗ್ಗೆ ಒಂದು ಮಾತು. ನಾನು ತಮ್ಮ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವವನು. 'ಸದರಿ', 'ಮೇಲ್ಕಾಣಿಸಿದ' ಎಂದೆಲ್ಲ ನಾನು ಮಾತಾಡುವುದು ತಮ್ಮ ಆದೇಶಗಳ ಪ್ರತಿ ತೆಗೆದು ತೆಗೆದು ಅಂಟಿಕೊಂಡ ರೋಗ. ಸಾಲಿನಲ್ಲಿ ನಿಂತವರು ನನ್ನನ್ನೇ ವಕೀಲನೆಂದುಕೊಂಡು ಕೇಳುತ್ತಾರೆ. "ಏನಪ್ಪಾ, ಮದುವೆ ಆದ್ರೆ ಸಾಕಲ್ವಾ, ಇಲ್ಲೇ ಇರೋಕೆ ಬಿಡಲ್ವಾ?" ಇಲ್ಲ ಅಮ್ಮ, ಮದುವೆಯಾದರೆ ಅರ್ಜಿ ಹಾಕುವುದಕ್ಕೆ ಬಿಡುತ್ತಾರೆ. "ಮಗು ಹುಟ್ಟಿದ್ರೆ?" ಆಗ ಅರ್ಜಿಯಲ್ಲಿ ಇನ್ನೊಂದು ಪುಟ ಹುಟ್ಟುತ್ತದೆ. "ಅರ್ಜಿ ತಿರಸ್ಕಾರ ಆದ್ರೆ ಮತ್ತೆ ಹಾಕಬಹುದಾ?" ಖಂಡಿತ ಹಾಕಬಹುದು, ಹಾಕುವುದನ್ನು ಯಾರೂ ತಡೆಯುವುದಿಲ್ಲ. ಮೊದಮೊದಲು ಹೀಗೆ ಹೇಳಿ ನಾನೂ ಅವರೂ ನಗುತ್ತಿದ್ದೆವು. ಈಗ ಅವರಷ್ಟೇ ನಗುತ್ತಾರೆ.

ಸಂದರ್ಶನಕ್ಕೆ ಮುಂಚೆ ಮನೆಯಲ್ಲಿ ಒಂದು ತಾಲೀಮು ಏರ್ಪಡಿಸಿದ್ದೆ. ಭಾವನವರ ಬಳಿಯಿದ್ದ ಒಂದೇ ಒಂದು ಟೈಯನ್ನು ಬನಿಯನ್ ಮೇಲೆ ಕಟ್ಟಿಕೊಂಡು, ಆಲೂಗಡ್ಡೆಯನ್ನು ಅರ್ಧಕ್ಕೆ ಕತ್ತರಿಸಿ ಮೊಹರು ಮಾಡಿ, ಅಡುಗೆಕೋಣೆಯ ಸ್ಟೂಲಿನ ಮೇಲೆ ತಮ್ಮ ಹಾಗೆಯೇ ಘನವಾಗಿ ಆಸೀನನಾದೆ.

"ಹೆಸರು?"

"ಕತ್ತೆ, ನಿಮ್ಮಕ್ಕ ಕಣೋ."

"ಅಧಿಕಾರಿಗಳನ್ನು ಕತ್ತೆ ಎಂದು ಸಂಬೋಧಿಸಿರುತ್ತಾರೆ. ತಿರಸ್ಕೃತ." ಆಲೂಗಡ್ಡೆ ಕುಟ್ಟಿದೆ.

"ಸಾಹೇಬ್ರೇ, ಮೊದಲು ನನ್ನ ಟೈ ವಾಪಸ್ ಕೊಡಿ," ಎಂದರು ಭಾವ.

"ಅದು ಸರ್ಕಾರದ ವಶದಲ್ಲಿದೆ. ನಿಮ್ಮ ಹೆಂಡತಿಗೆ ಸಿಟ್ಟು ಬಂದಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

ಭಾವ ಒಂದಿಷ್ಟೂ ತಡವರಿಸಲಿಲ್ಲ. "ಮನೆಯಲ್ಲಿರೋ ಚಾದರ ತೆಗೆದು ಮಡಚೋಕೆ ಶುರು ಮಾಡ್ತಾಳೆ. ಮಡಚಿರೋದನ್ನೇ ಬಿಚ್ಚಿ ಮತ್ತೆ ಮಡಚ್ತಾಳೆ. ಆಗ ನಾನು ಸದ್ದಿಲ್ದೆ ಎರಡು ಮೂಲೆ ಹಿಡ್ಕೊಂಡು ನಿಂತ್ಕೊಳ್ಳೋದು."

ಇಂಥ ಉತ್ತರ ಕೊಡಬಲ್ಲ ಗಂಡಂದಿರು ತಮ್ಮ ವಿಭಾಗದಲ್ಲೇ ಎಷ್ಟು ಜನ ಇದ್ದಾರೆ, ಒಮ್ಮೆ ವಿಚಾರಿಸಿ. ಹಲ್ಲುಜ್ಜುವ ಬ್ರಷ್ಷಿನ ಬಣ್ಣ, ಚಹಾಕ್ಕೆ ಸಕ್ಕರೆ, ಗೊರಕೆ, ಎಲ್ಲದರಲ್ಲೂ ಇಬ್ಬರೂ ತೇರ್ಗಡೆಯಾದರು. ಕೊನೆಗೆ ನನ್ನ ಕಿಡಿಗೇಡಿ ಬುದ್ಧಿ ಸುಮ್ಮನಿರಲಾರದೆ ಕೇಳಿದೆ, "ಮಂಚದಲ್ಲಿ ಯಾರು ಯಾವ ಬದಿ?"

ಅಕ್ಕನ ಕೈಯಲ್ಲಿದ್ದ ಸೌಟು ನನ್ನ ಕಿವಿಯ ಪಕ್ಕದಲ್ಲಿ ಹಾದುಹೋಯಿತು. "ಮುಚ್ಚೋ ಬಾಯಿ! ಸರ್ಕಾರದವರು ಇಂಥದ್ದೆಲ್ಲ ಕೇಳ್ತಾರೇನೋ? ಅವರಿಗೂ ಮನೆ ಮಠ, ಮಾನ ಮರ್ಯಾದೆ ಇರಲ್ವಾ?"

ಹಾಗಾಗಿ ಆ ಒಂದು ಪ್ರಶ್ನೆಯನ್ನು ಕೈಬಿಟ್ಟೆವು. ನನ್ನ ಕುಚೇಷ್ಟೆಗೂ ಒಂದು ಗಡಿ ಇರಬೇಕೆಂದು ನಾನೇ ಒಪ್ಪಿಕೊಂಡೆ. ತಮಗೆ ಆ ಗಡಿ ಇಲ್ಲವೆಂದು ಆಗ ಗೊತ್ತಿರಲಿಲ್ಲ.

ಸಂದರ್ಶನದ ದಿನ ತಮ್ಮ ಕಚೇರಿಯ ಲಿಫ್ಟ್ ಕೆಟ್ಟಿತ್ತು. ಭಾವ ಅಭ್ಯಾಸಬಲದಿಂದ ಅದರ ಬಾಗಿಲಿಗೆ ಕಿವಿ ಇಟ್ಟರು. ಅಕ್ಕ ಅವರ ತೋಳು ಹಿಡಿದು ಎಳೆದಳು: "ರೀ, ಕೈ ಇಡಬೇಡಿ. ಅನುಮತಿ ಇಲ್ಲದ ಕಡೆ ಕೆಲಸ ಮಾಡಿದ್ರು ಅಂತ ಅದನ್ನೂ ಸೇರಿಸಿಬಿಡ್ತಾರೆ." ಮೆಟ್ಟಿಲು ಹತ್ತಿ ಹೋದೆವು. ಅವರನ್ನು ಬೇರೆ ಬೇರೆ ಕೋಣೆಗೆ ಕರೆದುಕೊಂಡು ಹೋದರು. ನಾನು ಬೆಂಚಿನ ಮೇಲೆ ಉಳಿದೆ.

ಹೊರಗೆ ಬಂದ ಅಕ್ಕನ ಮುಖ ಕೆಂಪಾಗಿತ್ತು. "ಕೇಳೇಬಿಟ್ಟರು ಕಣೋ ಅದನ್ನ. ನಾಚಿಕೆಯಾಗಿ, ತಲೆ ಬಗ್ಗಿಸಿ, ಗೋಡೆ ಬದಿ ಅಂತ ಹೇಳಿ ಮುಗಿಸಿದೆ."

ಭಾವನವರ ಕಣ್ಣರಳಿತು. "ನಾನೂ ಗೋಡೆ ಬದಿ ಅಂತಾನೇ ಅಂದೆ! ಇಬ್ಬರದೂ ಒಂದೇ ಉತ್ತರ! ಪಾಸಾದ್ವಿ ಬಿಡೇ!"

ಮಾನ್ಯರೇ, ನಾವು ಮೂವರೂ ಕುಣಿದೆವು. ತಮ್ಮ ಕಚೇರಿಯ ಮೆಟ್ಟಿಲ ಮೇಲೆಯೇ ಐಸ್‌ಕ್ರೀಮ್ ತಿಂದೆವು. ಅವರಿಬ್ಬರ ಲೆಕ್ಕದಲ್ಲಿ 'ಗೋಡೆ ಬದಿ' ಎಂಬುದು ಒಂದೇ ಜಾಗ, ಇಬ್ಬರದೂ ಆದ ಜಾಗ. ಒಂದು ಮಂಚದಲ್ಲಿ ಇಬ್ಬರು ಒಂದೇ ಹೊತ್ತಿಗೆ ಮಲಗುತ್ತಾರೆ ಎಂಬ ಲೋಕರೂಢಿಯೇ ಅವರಿಗೆ ಮರೆತುಹೋಗಿತ್ತು. ಸುಳ್ಳು ಮದುವೆಯವರಾಗಿದ್ದರೆ ನೆನಪಿಟ್ಟುಕೊಂಡು ಒಬ್ಬರು ಗೋಡೆ ಬದಿ, ಒಬ್ಬರು ಬಾಗಿಲ ಬದಿ ಎಂದು ಹಂಚಿಕೊಂಡು ಬರುತ್ತಿದ್ದರು. ತಾವು ಅವರಿಗೆ ಸಂತೋಷದಿಂದ ವೀಸಾ ಕೊಡುತ್ತಿದ್ದಿರಿ.

ಆದೇಶದಲ್ಲಿ ಇನ್ನೆರಡು ರತ್ನಗಳಿದ್ದವು. ಕೊನೆಯ ಬಾರಿ ಜೊತೆಯಲ್ಲಿ ಉಂಡದ್ದು ಯಾವಾಗ ಎಂದರೆ ಗಂಡ "ಬೆಳಗಿನ ತಿಂಡಿ" ಎಂದನಂತೆ, ಹೆಂಡತಿ "ರಾತ್ರಿ ಊಟ" ಎಂದಳಂತೆ. ಹೌದು, ಎರಡೂ ಅದೇ ಬ್ರೆಡ್ಡು, ಅದೇ ಮೊಟ್ಟೆ. ಮಲಗುವ ಮುಂಚೆ ತಿಂದದ್ದನ್ನು ನನ್ನ ಅಕ್ಕ ರಾತ್ರಿ ಊಟ ಎನ್ನದೆ ಇನ್ನೇನೆನ್ನಬೇಕು? ಎರಡನೆಯದು: "ಸದರಿ ಮನೆಯ ಅಡುಗೆಕೋಣೆಯಲ್ಲಿ ಮೂರನೇ ವ್ಯಕ್ತಿಯೊಬ್ಬನು ಮಲಗುವುದಾಗಿ ತಿಳಿದುಬಂದಿದ್ದು, ಇದು ದಾಂಪತ್ಯಕ್ಕೆ ಪೂರಕವಾದ ವಾತಾವರಣವಲ್ಲ." ಆ ಮೂರನೇ ವ್ಯಕ್ತಿ ನಾನು. ಸರ್ಕಾರಿ ಕಾಗದದಲ್ಲಿ ನನ್ನ ಬಗ್ಗೆ ಬಂದಿರುವ ಮೊದಲ ಉಲ್ಲೇಖ ಅದು. ಕಟ್ಟು ಹಾಕಿಸಿ ಇಡೋಣವೆಂದಿದ್ದೆ, ಅಕ್ಕ ಬಿಡಲಿಲ್ಲ.

ಮೇಲ್ಮನವಿ ಹಾಕಿದೆವು. ಪಾಳಿ, ಬೇಕರಿ, ಗೋಡೆ, ಎಲ್ಲವನ್ನೂ ಬಿಡಿಸಿ ಬರೆದೆವು. ರಾತ್ರಿ ಭತ್ಯೆಯಿರುವ ಸಂಬಳ ಚೀಟಿಗಳು ತಮ್ಮ ಬಳಿ ಮೊದಲಿನಿಂದಲೇ ಇದ್ದವು, ನಾನೇ ಪ್ರತಿ ತೆಗೆದು ಕೊಟ್ಟದ್ದು. ಉತ್ತರ ಬಂತು: "ಈ ವಿವರಣೆಯನ್ನು ಸಂದರ್ಶನದ ಸಮಯದಲ್ಲಿ ನೀಡಿರುವುದಿಲ್ಲವಾದ್ದರಿಂದ ಇದು ನಂತರ ಹೆಣೆದದ್ದೆಂದು ಭಾವಿಸಲಾಗಿದೆ." ಯಾವ ಹೊತ್ತಿಗೆ ಮಲಗುತ್ತೀರಿ ಎಂದು ತಾವು ಕೇಳಿದ್ದರೆ ತಾನೆ ಅವರು ಹೇಳುವುದು? ಭಾವ ಟೈ ಕಟ್ಟಿಕೊಂಡು ವಿಮಾನ ಹತ್ತಿದರು. ಹೊರಡುವಾಗ ನನ್ನ ತಲೆ ಸವರಿ, "ಮೂರನೇ ವ್ಯಕ್ತಿಗಳೇ, ಮನೆ ಕಡೆ ಜೋಪಾನ," ಎಂದರು.

ಈಗ ಒಂದು ವಿಚಿತ್ರ ನಡೆದಿದೆ. ಅವರ ದೇಶದ ಗಡಿಯಾರಕ್ಕೂ ನಮ್ಮದಕ್ಕೂ ಹಗಲು ರಾತ್ರಿಯ ವ್ಯತ್ಯಾಸ. ಅಕ್ಕ ಇಲ್ಲಿ ಚಾದರ ಮಡಚುವ ಹೊತ್ತಿಗೆ ಅಲ್ಲಿ ಭಾವನವರಿಗೆ ಹಗಲು. ಮದುವೆಯಾದಾಗಿನಿಂದ ಇಬ್ಬರೂ ದಿನಾ ಒಂದೇ ಹೊತ್ತಿಗೆ ಎಚ್ಚರವಿದ್ದು ಒಂದೇ ಹೊತ್ತಿಗೆ ನಿದ್ದೆ ಮಾಡುತ್ತಿರುವುದು ಇದೇ ಮೊದಲು. ತಾವು ಅಪೇಕ್ಷಿಸಿದ ಆದರ್ಶ ದಾಂಪತ್ಯ ಕೊನೆಗೂ ನೆರವೇರಿದೆ, ನಡುವೆ ಒಂದು ಸಮುದ್ರ ಬಿಟ್ಟು.

ಹೊಸದಾಗಿ ಅರ್ಜಿ ಹಾಕಬಹುದು ಎಂದಿದ್ದೀರಿ. ಹಾಕಿದರೆ ಮತ್ತೆ ಸಂದರ್ಶನ, ಮತ್ತೆ ಅದೇ ಪ್ರಶ್ನೆ. ಹೋದ ವಾರ ರಜೆಯ ದಿನ ಅಕ್ಕ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು ಭಾವನವರನ್ನು ಕೇಳಿದಳು, "ರೀ, ಅಲ್ಲಿ ಯಾವ ಬದಿ ಮಲಗ್ತೀರಿ?"

ಭಾವ ತಿರುಗಿ ಹಿಂದಿದ್ದ ಮಂಚವನ್ನು ನೋಡಿದರು. "ಇಲ್ಲಿ ಗೋಡೆ ಹತ್ರ ಇಲ್ಲ ಕಣೆ. ಕೋಣೆ ನಡುವೆ ಹಾಕಿದಾರೆ ಮಂಚ. ನಾನು ಗಮನಿಸೇ ಇಲ್ಲ. ಹೇಗೆ ಬೀಳ್ತೀನೋ ಹಾಗೆ."

ಅಕ್ಕ "ಹೂಂ" ಎಂದಳು. ಫೋನ್ ಇಟ್ಟ ಮೇಲೆ ಕಪಾಟಿನಿಂದ ಚಾದರ ತೆಗೆದು ಮಡಚತೊಡಗಿದಳು. ನಾನು ಹೋಗಿ ಎರಡು ಮೂಲೆ ಹಿಡಿದೆ. ನನಗೆ ಅದು ಬರುವುದಿಲ್ಲ, ಅಂಚು ಕೂಡಲಿಲ್ಲ. "ಬಿಡೋ," ಎಂದಳು. ಮತ್ತೆ ಅರ್ಜಿ ತರಲಾ ಎಂದು ಕೇಳಿದೆ. ಅದಕ್ಕೂ, "ಬಿಡೋ," ಎಂದಳು.

ಆ ಎರಡನೆಯ 'ಬಿಡೋ'ಗಾಗಿ ಈ ಪತ್ರ. ಮಾನ್ಯರೇ, ನನ್ನ ಬೇಡಿಕೆ ಒಂದೇ. ಕಡತವನ್ನು ತೆರೆಯಿರಿ. ಸಂಬಳ ಚೀಟಿಯಲ್ಲಿರುವ 'ರಾತ್ರಿ' ಎಂಬ ಪದವನ್ನು ಓದಿರಿ. ಭಾವನವರನ್ನು ವಾಪಸ್ ಕರೆಸಿರಿ. ತಾವು ಇದನ್ನು ಮಾಡುವುದಿಲ್ಲವೆಂದು ನನಗೆ ಗೊತ್ತು. ತಮ್ಮ ಆದೇಶಗಳನ್ನು ಪ್ರತಿ ತೆಗೆಯುವವನು ನಾನು, 'ಪುನರ್‌ಪರಿಶೀಲಿಸಲಾಗಿದೆ' ಎಂಬ ಪದ ನನ್ನ ಯಂತ್ರದ ಗಾಜಿನ ಮೇಲೆ ಈವರೆಗೂ ಮಲಗಿಲ್ಲ. ಆದರೂ ಬೇಡಿಕೆ ಇಲ್ಲದ ಪತ್ರವನ್ನು ತಮ್ಮ ಕಚೇರಿ ಅಪೂರ್ಣವೆಂದು ಹಿಂದಿರುಗಿಸುತ್ತದೆ, ಅದಕ್ಕೆ ಬರೆದೆ.

ಕೊನೆಯದಾಗಿ ಒಂದು ತಿದ್ದುಪಡಿ. ಅಡುಗೆಕೋಣೆಯ ನೆಲದಿಂದ ಎಂದು ಆರಂಭದಲ್ಲಿ ಬರೆದಿದ್ದೇನೆ. ಅದು ಸುಳ್ಳು. ಭಾವ ಹೋದ ಮೇಲೆ ರಾತ್ರಿ ಆ ಮಂಚ ಖಾಲಿ ಇರುತ್ತದೆ, ಹಾಗಾಗಿ ಅಕ್ಕ ಪಾಳಿಗೆ ಹೋದಾಗ ಅಲ್ಲಿ ಮಲಗುವವನು ನಾನು. ಈ ಪತ್ರವನ್ನೂ ಅಲ್ಲೇ ಗೋಡೆಗೆ ಒರಗಿ ಬರೆದೆ. ತುಂಬಾ ಬೆಚ್ಚಗಿದೆ. ಈ ಮನೆಗೆ ಬಂದಾಗಿನಿಂದ ಇಷ್ಟು ಒಳ್ಳೆಯ ನಿದ್ದೆ ನನಗೆ ಬಂದದ್ದೇ ಇಲ್ಲ.

ಇಂತಿ,
ತಮ್ಮ ಆದೇಶದಲ್ಲಿ ಕಾಣಿಸಿದ ಮೂರನೇ ವ್ಯಕ್ತಿ,
ಹಾಲಿ ವಾಸ: ಗೋಡೆ ಬದಿ